ಮೂರು ಜಾಗದ ಥೆರಾನ್

ನಮ್ಮ ತಂಡದ ಥೆರಾನ್ ಗಿಲರಿ ಎಂಬ ಹುಡುಗನಿಗೆ ಆ ಕಳ್ಳವಿದ್ಯೆ ಹೇಳಿಕೊಟ್ಟವನು ನಾನೇ. ಇನ್ನೊಬ್ಬರ ತಲೆಗೆ ಕಟ್ಟುವಂತಿಲ್ಲ.

ಪ್ರತಿ ಜುಲೈಯಲ್ಲಿ ತಂಡದ ಡಾಕ್ಟರು ನಮ್ಮನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಒಂದಷ್ಟು ಪದ ತೋರಿಸಿ ನೆನಪಿನ ಪರೀಕ್ಷೆ ಮಾಡುತ್ತಾರೆ. ಮುಂದೆ ಆಟದಲ್ಲಿ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಅದೇ ಪರೀಕ್ಷೆ. ಅಂಕ ಜುಲೈಗಿಂತ ಇಳಿದರೆ ಹೊರಗೆ ಕೂರಬೇಕು.

"ಜುಲೈನಲ್ಲೇ ದಡ್ಡನಾಗ್ಬಿಡು," ಎಂದಿದ್ದೆ. "ಹತ್ತು ಪದ ನೆನಪಿದ್ರೆ ಆರು ಹೇಳು. ಆಮೇಲೆ ಪೆಟ್ಟು ಬಿದ್ರೂ ಆರು ಹೇಳಿದ್ರೆ ಪಾಸು."

"ನನ್ಗೆ ನಾಲ್ಕರ ಮೇಲೆ ನೆನಪಿರಲ್ಲ ಅಂತಾಳೆ ಲನೆಟ್," ಎಂದು ನಕ್ಕ. ಲನೆಟ್ ಅವನ ಹೆಂಡತಿ. ಇಬ್ಬರೂ ಲೂಸಿಯಾನದ ಕಬ್ಬಿನ ಸೀಮೆಯವರು. ಅವನಿಗಾಗ ಇಪ್ಪತ್ನಾಲ್ಕು, ನನಗೆ ಮೂವತ್ಮೂರು.

ಚೆಂಡನ್ನು ಕೈಯಲ್ಲಿ ಹೊತ್ತು ಓಡುವ ನಮ್ಮ ಅಮೆರಿಕದ ಫುಟ್‌ಬಾಲಿನಲ್ಲಿ ಒಬ್ಬೊಬ್ಬನಿಗೆ ಒಂದೊಂದು ಜಾಗ. ನನ್ನದು ಸಾಲಿನ ಬಲತುದಿ. ಆಗಲೇ ಹನ್ನೊಂದು ವರ್ಷ ಅಲ್ಲೇ ನಿಂತು, ನುಗ್ಗಿ ಬರುವ ಎದುರಾಳಿ ದೈತ್ಯರಿಗೆ ಎದೆಯೊಡ್ಡಿದ್ದೆ. ನಾವು ಯಾರನ್ನು ಇಳಿಸುತ್ತೇವೆಂದು ನೋಡಿಕೊಂಡು ಎದುರಾಳಿ ತನ್ನವರನ್ನು ಇಳಿಸುತ್ತಾನೆ. ಚೆಂಡು ಹೊತ್ತು ನುಗ್ಗುವವರಿಗೆ ದಪ್ಪದವರು, ದೂರ ಓಡಿ ಚೆಂಡು ಹಿಡಿಯುವವರಿಗೆ ಚುರುಕಿನವರು. ಥೆರಾನ್ ನುಗ್ಗುತ್ತಿದ್ದ, ಹಿಡಿಯುತ್ತಿದ್ದ, ಬೇಕೆಂದರೆ ನನ್ನ ಹಾಗೆ ತಡೆದೂ ನಿಲ್ಲುತ್ತಿದ್ದ. ಅವನಿಗೆ ಯಾರನ್ನು ಇಳಿಸಬೇಕೆಂದು ತಿಳಿಯದೆ ಎದುರಾಳಿಗಳು ತಲೆ ಕೆರೆದುಕೊಳ್ಳುತ್ತಿದ್ದರು. ನಮ್ಮ ಕೋಚ್ ಹಾಲೆಕ್ ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿದ. ಮೂರು ಜಾಗ ಆಡುವವನು ಮೂರು ಜನರ ಏಟೂ ತಿನ್ನುತ್ತಾನೆ ಎಂಬುದು ಮಾತ್ರ ಆ ಪುಣ್ಯಾತ್ಮನ ಲೆಕ್ಕಕ್ಕೆ ಬರಲಿಲ್ಲ.

ಅವನ ಎರಡನೇ ವರ್ಷದ ಅಕ್ಟೋಬರಿನ ಕೊನೆಯಲ್ಲಿ ಒಂದು ಏಟು ತಿಂದು ಎದ್ದವನು ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದ: "ವೆಸ್, ನಾನೆಲ್ಲಿ?"

ತಮಾಷೆ ಎಂದುಕೊಂಡೆ. ಕಣ್ಣು ನೋಡಿದ ಮೇಲೆ ಅಲ್ಲವೆಂದು ಗೊತ್ತಾಯಿತು. "ಬಲಗಡೆ, ನನ್ನ ಪಕ್ಕ," ಎಂದೆ. ನಿಂತ, ಆಡಿದ, ಗೆದ್ದೆವು. ಡಾಕ್ಟರ ಪರೀಕ್ಷೆಯಲ್ಲಿ ಆರು ಪದ ಹೇಳಿದ. ಪಾಸಾದ.

"ಡಾಕ್ಟರಿಗೆ ಹೇಳೋಣ ಕಣೋ," ಎಂದೆ ಮರುದಿನ.

"ನಿನ್ ಕಾಲಿಗೆ ಬೀಳ್ತೀನಿ, ಬೇಡ. ಮೂರೂ ಆಡ್ತೀನಿ ಅಂತ ತಾನೇ ಇಟ್ಕೊಂಡಿರೋದು? ಒಂದೇ ಜಾಗಕ್ಕೆ ಆದ್ರೆ ನನ್ಗಿಂತ ಒಳ್ಳೆಯವ್ರು ಬೇಕಾದಷ್ಟು ಜನ ಇದಾರೆ. ನೀನು ಪಕ್ಕದಲ್ಲಿ ಹೇಳ್ತಾ ಇರು, ಸಾಕು."

ಹೇಳುತ್ತಾ ಹೋದೆ. ಪ್ರತಿ ಸಲ ಮುಂದಿನ ನಡೆ ಮಾತಾಡಿಕೊಂಡ ಗುಂಪು ಚದುರಿ ಸಾಲಿಗೆ ಹೋಗುವ ನಾಲ್ಕು ಹೆಜ್ಜೆಯಲ್ಲಿ ಅವನ ಕಿವಿಗೆ ಎರಡು ಮಾತು. ಎಡಕ್ಕೆ, ಓಡು. ಹಿಂದೆ, ನುಗ್ಗು. ಐದು ಪಂದ್ಯ ಹೀಗೆ ನಡೆಯಿತು. ಪತ್ರಿಕೆಗಳು ಅವನ ಬುದ್ಧಿಯನ್ನು ಹೊಗಳಿದವು.

ಡಿಸೆಂಬರಿನ ಮೊದಲ ವಾರ, ನಮ್ಮೂರಿನ ಸರೋವರದ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ಪಂದ್ಯದ ಮೊದಲು ಹಾಲೆಕ್ ನನ್ನ ಹೆಗಲ ಮೇಲೆ ಕೈಯಿಟ್ಟ. "ವೆಸ್, ಇವತ್ತು ನಿನ್ ಜಾಗಕ್ಕೂ ಥೆರಾನ್‌ನ ಹಾಕಿ ನೋಡ್ತೀನಿ. ಬೇಜಾರು ಮಾಡ್ಕೋಬೇಡ."

ಬೇಜಾರೇ? ಹೊಟ್ಟೆಗೆ ಬೆಂಕಿ ಬಿತ್ತು. ನನ್ನ ಬಾಯಿಂದಲೇ ಜಾಗ ಕೇಳಿ ಆಡುತ್ತಿದ್ದವನು ನನ್ನ ಜಾಗಕ್ಕೇ ಬಂದಿದ್ದ. ಮುಂದಿನ ವರ್ಷ ನನಗೆ ಕೆಲಸವಿಲ್ಲ ಎಂಬುದಕ್ಕೆ ಬೇರೆ ಪತ್ರ ಬೇಕಿರಲಿಲ್ಲ.

ಮೂರನೇ ಭಾಗದಲ್ಲಿ ನನ್ನನ್ನು ಹೊರಗೆ ಕರೆದರು. ಬಲತುದಿಗೆ ಥೆರಾನ್. ಗುಂಪು ಚದುರಿತು. ಎಲ್ಲರೂ ಅವರವರ ಜಾಗಕ್ಕೆ ಹೋದರು. ಅವನು ಸಾಲಿನ ಹಿಂದೆ ನಡುವೆ ನಿಂತುಬಿಟ್ಟ. ಪಕ್ಕಕ್ಕೆ ನೋಡಿದ, ನಾನಿರಲಿಲ್ಲ. ಆಮೇಲೆ ಗೆರೆಯ ಹೊರಗೆ ಹುಡುಕಿ ನನ್ನನ್ನು ಕಂಡ. ಶಿರಸ್ತ್ರಾಣದ ಜಾಲರಿಯೊಳಗೆ ಅವನ ತುಟಿ ಅಲ್ಲಾಡಿತು. ಏನು ಕೇಳುತ್ತಿದ್ದಾನೆಂದು ಆ ಕ್ರೀಡಾಂಗಣದಲ್ಲಿ ನನಗೊಬ್ಬನಿಗೇ ಗೊತ್ತು.

ಚೆಂಡು ನಮ್ಮ ತಂಡದ ಕೈಯಲ್ಲಿರುವಾಗ, ನಮ್ಮವರ ಮಾತು ನಮಗೆ ಕೇಳಲೆಂದು ನಮ್ಮೂರ ಜನ ಉಸಿರು ಬಿಗಿಹಿಡಿದು ಸುಮ್ಮನಿರುತ್ತಾರೆ. ಕೂಗಿದ್ದರೆ ಕೇಳುತ್ತಿತ್ತು. ಕೂಗಬೇಕಾಗಿಯೂ ಇರಲಿಲ್ಲ, ಕೈ ತೋರಿಸಿದ್ದರೆ ಸಾಕಿತ್ತು. ನಾನು ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ನಿಂತಿದ್ದೆ. ತಪ್ಪು ಮಾಡಲಿ, ಒಂದೇ ಒಂದು ಸಲ, ಹಾಲೆಕ್ ನೋಡಲಿ, ನನ್ನನ್ನು ಮತ್ತೆ ಕರೆಯಲಿ. ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ಚೆಂಡು ಚಲಿಸಿತು. ಅವನು ಇನ್ನೂ ನನ್ನನ್ನೇ ನೋಡುತ್ತಿದ್ದ. ಖಾಲಿ ಬಿದ್ದ ಬಲತುದಿಯಿಂದ ಎದುರಾಳಿಯ ದೈತ್ಯನೊಬ್ಬ ನುಗ್ಗಿ ಬಂದ. ಅವನಿಗೆ ಢಿಕ್ಕಿ ಹೊಡೆದ ಸದ್ದು ಗೆರೆಯಾಚೆ ನಿಂತ ನನಗೆ ಕೇಳಿಸಿತು. ಥೆರಾನ್ ಏಳಲಿಲ್ಲ.

ಹಾಲೆಕ್ ನನ್ನತ್ತ ತಿರುಗಿದ. "ವೆಸ್, ಹೋಗು."

ಹೋದೆ. ಅವನನ್ನು ಎತ್ತಿಕೊಂಡು ಹೋದ ಮೇಲೆ ಅಲ್ಲೇ, ಬಲತುದಿಯಲ್ಲಿ ನಿಂತು ಪಂದ್ಯ ಮುಗಿಸಿದೆ. ನಾಚಿಕೆಗೆಟ್ಟ ಜನ್ಮ. ತಂಡ ಇನ್ನೂ ಎರಡು ವರ್ಷ ನನ್ನನ್ನು ಇಟ್ಟುಕೊಂಡಿತು.

ಈಗ ತಿಂಗಳಿಗೊಮ್ಮೆ ಲೂಸಿಯಾನಕ್ಕೆ ಹೋಗುತ್ತೇನೆ. ಹೋದ ಭಾನುವಾರ ಲನೆಟ್ ಮೇಜಿನ ಮೇಲೆ ಅನ್ನ, ಕೆಂಪು ರಾಜ್ಮಾ ಇಟ್ಟಳು. ಥೆರಾನ್ ತಟ್ಟೆ ಹಿಡಿದು ತನ್ನದೇ ಅಡುಗೆಮನೆಯ ನಡುವೆ ನಿಂತಿದ್ದ. ಕುರ್ಚಿಗಳನ್ನು ನೋಡಿದ, ನನ್ನನ್ನು ನೋಡಿದ.

"ವೆಸ್, ನಾನೆಲ್ಲಿ?"

"ಬಲಗಡೆ, ನನ್ನ ಪಕ್ಕ."

ಕೂತ. ಖುಷಿಯಾಗಿ ಹೆಂಡತಿಯ ಕಡೆ ತಿರುಗಿದ.

"ನೋಡೇ, ಎಲ್ರೂ ಕೈ ಬಿಟ್ರು. ಇವನು ಮಾತ್ರ ಯಾವತ್ತು ಕೇಳಿದ್ರೂ ಹೇಳ್ತಾನೆ. ಒಂದೇ ಒಂದು ಸಲಾನೂ ತಪ್ಪಿಸಿಲ್ಲ. ಅಲ್ವೇನೋ?"

ಅವನು ಬಿದ್ದ ದಿನದ ವಿಡಿಯೊವನ್ನು, ಜೇಬಿನಲ್ಲಿ ಕೈಯಿಟ್ಟು ನಿಂತ ನನ್ನನ್ನು, ಲನೆಟ್ ಎಷ್ಟು ಸಲ ನೋಡಿದ್ದಾಳೋ. ಅವಳೂ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದು ಕಣೋ," ಎಂದೆ.