ಅತ್ತೆಯ ಡಬ್ಬ

ಸಂಜೆಯೊಳಗೆ ಅತ್ತೆಯ ಟೇಪ್‌ರೆಕಾರ್ಡರ್ ಗುಜರಿಗೆ ಹೋಗಬೇಕೆಂದು ನನ್ನ ಗಂಡ ತೀರ್ಪು ಕೊಟ್ಟಾಗಿತ್ತು. ಅಡುಗೆಮನೆಯಲ್ಲಿ ಅದು ಗುಂಯ್‌ಗುಟ್ಟುತ್ತದಂತೆ, ಹಾಲ್‌ನಲ್ಲಿರುವ ಅವರ ಮ್ಯೂಸಿಕ್ ಸಿಸ್ಟಂನ ನಾದಕ್ಕೆ ಮಸಿ ಬಳಿಯುತ್ತದಂತೆ. ಕಣ್ಣು ಮಂಜಾದ ಮೇಲೆ ಅತ್ತೆಗೆ ಆ ಡಬ್ಬವೊಂದೇ ಜೊತೆ.

"ನೀನಾದ್ರೂ ಹೇಳಿ ನೋಡೇ," ಎಂದರು ಅತ್ತೆ. ಹೇಳಿ ನೋಡಿದೆ.

"ನಿಂಗೆ ಕಿವಿ ಇಲ್ಲ, ಸುಮ್ನಿರು," ಎಂದರು ಗಂಡ.

ಹಾಲ್‌ನಲ್ಲಿ ಈಗ ಮಾತಾಡಬಾರದು, ಕುರ್ಚಿ ಸರಿಸಬಾರದು. ಅತ್ತೆಯ ಮಂಚ ಶಬ್ದ ಕುಡಿಯುತ್ತದೆಂದು ಹಿಂದಿನ ಕೋಣೆಗೆ ದಬ್ಬಿಯಾಗಿದೆ. ಆಳೆತ್ತರದ ಎರಡು ಸ್ಪೀಕರ್‌ಗಳು; ಅವುಗಳ ನಡುವಿನ ಗೋಡೆಯಲ್ಲಿ, ಅಡುಗೆಮನೆಯಿಂದ ತಟ್ಟೆ ದಾಟಿಸುತ್ತಿದ್ದ ಕಿಂಡಿಗೆ ಕಪ್ಪು ಪರದೆ. ಇಷ್ಟೆಲ್ಲ ಮಾಡಿದವರು ಒಂದು ಹಾಡನ್ನು ಕೊನೆಯವರೆಗೆ ಕೇಳಿದ್ದನ್ನು ನಾನು ಕಂಡಿಲ್ಲ. ತಾಳ ಬಿದ್ದಲ್ಲಿ ನಿಲ್ಲಿಸಿ ವೈರು ಬದಲಿಸುತ್ತಾರೆ, ಮತ್ತೆ ಅದೇ ತಾಳ. ಊಟಕ್ಕೆ ಕೂತು ತಟ್ಟೆಯ ಹೊಳಪು ನೋಡಿ ಎದ್ದುಹೋಗುವವರಿಗೆ ಏನೆನ್ನಬೇಕು?

ಮಧ್ಯಾಹ್ನ ಅವರ ಗೆಳೆಯರಿಬ್ಬರು ಬಂದರು. ಒಬ್ಬ ವಕೀಲ, ಇನ್ನೊಬ್ಬ ಹಲ್ಲಿನ ಡಾಕ್ಟರ್. ದಿನವಿಡೀ ಹಲ್ಲು ಕೊರೆಯುವವನಿಗೆ ಅದೆಂಥ ಸೂಕ್ಷ್ಮ ಕಿವಿಯೋ! ಪದ್ಧತಿಯಂತೆ ಮೂವರೂ ಕಣ್ಣು ಮುಚ್ಚಿದರು. ಗಂಡ ರಿಮೋಟ್ ಒತ್ತಿದರು. ಹಾಡು ಶುರುವಾಯಿತು.

"ಹಾಡೋಳು ನಟ್ಟನಡುವೆ ನಿಂತಂಗಿದೆ ಕಣೋ!" ಎಂದ ವಕೀಲ.

"ಉಸಿರು ಎಳ್ಕೊಳ್ಳೋದೂ ಕೇಳುತ್ತೆ," ಎಂದ ಡಾಕ್ಟರ್.

"ಮತ್ತೆ? ಹೊಸ ವೈರು," ಎಂದರು ಗಂಡ.

ಕಾಫಿ ತಂದ ನಾನು ಸ್ಪೀಕರ್‌ಗಳ ಕಡೆ ನೋಡಿದೆ. ಸಿಸ್ಟಂನಲ್ಲಿ ಒಂದು ದೀಪವೂ ಉರಿಯುತ್ತಿರಲಿಲ್ಲ. ನಾದ ಶುದ್ಧವಾಗಲೆಂದು ಬೆಳಿಗ್ಗೆ ಪ್ಲಗ್ಗಿನ ಹಿತ್ತಾಳೆ ಕಡ್ಡಿಗಳನ್ನು ಉಜ್ಜಿ ಉಜ್ಜಿ ಒರೆಸಿದವರು ಅದನ್ನು ಗೋಡೆಗೆ ಸಿಕ್ಕಿಸುವುದನ್ನೇ ಮರೆತಿದ್ದರು. ನೆಲದ ಮೇಲೆ ಅದು ಫಳಫಳ ಹೊಳೆಯುತ್ತ ಬಿದ್ದಿತ್ತು. ಹಾಡುತ್ತಿದ್ದುದು ಕಿಂಡಿಯಾಚೆಯ ಡಬ್ಬ. ಕೊನೆಯ ಸಲವೆಂದು ಅತ್ತೆ ಹಾಕಿಕೊಂಡಿದ್ದರು. ತಾನು ಹಾಕಿದ ಹಾಡು ಇದಲ್ಲವೆಂಬುದೂ ನನ್ನ ಗಂಡನಿಗೆ ಹೊಳೆಯಲಿಲ್ಲ.

ನಾನು ಕಾಫಿ ಲೋಟಗಳನ್ನು ಸದ್ದಾಗದಂತೆ ಕೆಳಗಿಟ್ಟೆ. ಮೂವರೂ ತಲೆದೂಗುತ್ತ ಒಂದು ಹಾಡನ್ನು ಪೂರ್ತಿ ಕೇಳಿದರು.

ಟಕ್ಕೆಂದು ಟೇಪು ನಿಂತಿತು. ಪರದೆ ಸರಿಸಿ ಅತ್ತೆ ಮುಖ ತೂರಿಸಿದರು. "ಮೆಚ್ಚಿದ್ರಲ್ಲಪ್ಪಾ, ಸಂತೋಷ. ಇನ್ನೊಂದು ಮಗ್ಗುಲು ಹಾಕ್ಲಾ?"

ಮೂರು ಜೊತೆ ಕಣ್ಣು ತೆರೆದವು. ವಕೀಲ ಪ್ಲಗ್ಗು ನೋಡಿದ. ಡಾಕ್ಟರ್ ಸೂರು ನೋಡಿದ. ಅಷ್ಟರಲ್ಲಿ ಗುಜರಿಯವನು ಬಾಗಿಲು ಬಡಿದ. "ಸಾರ್, ಯಾವ್ದೋ ಡಬ್ಬ ಕೊಡ್ತೀನಿ ಅಂದಿದ್ರಿ?"

"ಯಾವುದು ಕೊಡಬೇಕು ಅಂತ ಮೂರು ಜನ ಕೂತು ತೀರ್ಮಾನ ಮಾಡ್ರಪ್ಪಾ," ಎಂದರು ಅತ್ತೆ.

"ಏನೂ ಇಲ್ಲ, ಹೋಗಯ್ಯಾ!" ಗಂಡ ಗದರಿದರು.

ಗೆಳೆಯರು ಕಾಫಿ ಕುಡಿಯದೇ ಹೋದರು. ಸ್ವಲ್ಪ ಹೊತ್ತಿಗೆ ಗಂಡ ಅಡುಗೆಮನೆಗೆ ಬಂದು ಡಬ್ಬದ ಸುತ್ತ ಸುಳಿದಾಡಿದರು. ನಾಚಿಕೆಯಿಂದ ಬಂದರೆಂದುಕೊಂಡೆ, ನನ್ನ ಬುದ್ಧಿಗಿಷ್ಟು.

"ಅಮ್ಮಾ, ಇದಕ್ಕೊಂದು ಒಳ್ಳೇ ವೈರು ಹಾಕಿದ್ರೆ..."

"ಮುಟ್ಟಿದ್ಯೋ, ಕೈ ಮುರೀತೀನಿ."

ಅತ್ತೆ ಕೈಯಲ್ಲಿ ತಡವಿ ಕ್ಯಾಸೆಟ್ ತಿರುವಿ ಹಾಕಿದರು. ಡಬ್ಬ ಗುಂಯ್ ಎಂದಿತು, ಆಮೇಲೆ ಹಾಡಿತು.