ಬಿಟ್ಟುಹೋದ ‘ಬಿಡಿಸಿಕೊಂಡೆ’

ಹೋಟೆಲಿನಲ್ಲಿ ಅವಳನ್ನು ಎಲ್ಲರೂ ಡಿಕ್ಷನರಿ ಎಂದೇ ಕರೆಯುತ್ತಿದ್ದರು. ಮುಂಭಾಗದ ಕೌಂಟರಿನಲ್ಲಿ ನಿಂತು ಬಂದವರಿಗೆ ಕೋಣೆಯ ಕೀಲಿ ಕೊಡುವುದು ಅವಳ ಕೆಲಸ. ಯಾರಾದರೂ ಇಂಗ್ಲಿಷಿನಲ್ಲಿ ಎಡವಿದರೆ ತಿದ್ದುವುದು ಅವಳ ಚಟ. ಅಪ್ಪ ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತರಾದವರು. ಮನೆಯಲ್ಲಿ ಊಟಕ್ಕೆ ಕೂತರೆ ತಟ್ಟೆಗೆ ಮೊದಲು ಬೀಳುತ್ತಿದ್ದದ್ದು ವ್ಯಾಕರಣ.

ಕೆಳಗೆ, ನೆಲಮಾಳಿಗೆಯ ಲಾಂಡ್ರಿಯಲ್ಲಿ, ದೊಡ್ಡಕ್ಕ ಇದ್ದಳು. ಅವಳಿಗಿಂತ ವಯಸ್ಸಾದವರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಇಡೀ ದಿನ ಹಬೆಯಾಡುವ ಇಸ್ತ್ರಿ ಯಂತ್ರಕ್ಕೆ ಬೆಡ್‌ಶೀಟು ಉಣಿಸುವ ಕೆಲಸ. ಡಿಕ್ಷನರಿ ಎಂದರೆ ಅವಳಿಗೆ ಅಚ್ಚುಮೆಚ್ಚು. ಬಿಡುವಾದಾಗ ಕೆಳಗಿಳಿದು ಬಂದವಳನ್ನು ಬಟ್ಟೆಗಂಟಿನ ಮೇಲೆ ಕೂರಿಸಿಕೊಂಡು, “ಬಾರೆ, ನಿನ್ನ ಸಾಹೇಬರ ಭಾಷೆ ಸ್ವಲ್ಪ ಹೊತ್ತು ಮೇಲೇ ಇರ್ಲಿ. ನಮ್ಮ ಮಾತಾಡು,” ಎನ್ನುತ್ತಿದ್ದಳು.

ಒಂದು ದಿನ ಲಾಂಡ್ರಿಯ ಸೂಪರ್‌ವೈಸರ್ ತುಟಿ ಒಡೆದುಕೊಂಡು ಮೇಲೆ ಬಂದ. ಪಾಳಿ ಬದಲಾಯಿಸಿದ್ದಕ್ಕೆ ದೊಡ್ಡಕ್ಕ ಜಗಳ ತೆಗೆದಳು, ಮೈಮೇಲೆ ಬಿದ್ದು ಹೊಡೆದಳು ಎಂದು ದೂರು ಕೊಟ್ಟ. ಮ್ಯಾನೇಜರ್ ಮೇಡಂ ಪರದೇಶದವರು. ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ತಿಳಿಯದು. ಸೂಪರ್‌ವೈಸರ್ ಹರಕುಮುರುಕು ಇಂಗ್ಲಿಷಿನಲ್ಲಿ ತನ್ನ ಕತೆ ತಾನೇ ಹೇಳಿಕೊಂಡ. ದೊಡ್ಡಕ್ಕನ ಮಾತು ದಾಟಿಸಲು ಡಿಕ್ಷನರಿಯನ್ನು ಕೌಂಟರಿನಿಂದ ಕರೆಸಿದರು.

ಅವಳು ಹೊರಟಾಗ ಕೌಂಟರಿನ ಮುಂದೆ ಪೆಟ್ಟಿಗೆ ಹಿಡಿದ ಜನ ಸಾಲುಗಟ್ಟಿದ್ದರು. ಬೇಗ ಮುಗಿಸಿ ಬರಬೇಕು ಎಂಬುದೊಂದೇ ತಲೆಯಲ್ಲಿತ್ತು.

ದೊಡ್ಡಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಬ್ಲೀಚಿನಿಂದ ಬಿಳುಚಿದ ಬೆರಳುಗಳನ್ನು ಮಡಿಲಲ್ಲಿ ಹೆಣೆದುಕೊಂಡು, ಸೂಪರ್‌ವೈಸರನ ಕಡೆ ನೋಡದೆ, ಒಂದೊಂದೇ ಮಾತು ಹೊರಗೆ ಹಾಕಿದಳು.

“ಶೀಟು ಇಡೋ ಕೋಣೇಲಿ ಇದ್ದೆ. ಬಾಗಿಲು ಹಾಕಿ ಬಂದು ಕೈ ಹಿಡಿದ. ಬಿಡು ಅಂದೆ, ಬಿಡಲಿಲ್ಲ. ಗುದ್ದಾಡ್ದೆ. ಗುದ್ದಾಡಿ ಬಿಡಿಸ್ಕೊಂಡೆ. ಅವನು ಮುಗ್ಗರಿಸಿ ಕಬ್ಬಿಣದ ಕಪಾಟಿಗೆ ಮುಖ ಬಡ್ಕೊಂಡ.”

ಡಿಕ್ಷನರಿ ಗಂಟಲು ಸರಿಪಡಿಸಿಕೊಂಡಳು. ಚುಟುಕಾಗಿ, ಚೊಕ್ಕವಾಗಿ ಹೇಳುವುದು ಅವಳಿಗೆ ಇಷ್ಟ. “ಹಿ ಹೆಲ್ಡ್ ಹರ್ ಹ್ಯಾಂಡ್. ದೇ ಫಾಟ್. ಹಿ ಹಿಟ್ ದಿ ಶೆಲ್ಫ್.”

ಅವನು ಕೈ ಹಿಡಿದ, ಅವರು ಹೊಡೆದಾಡಿದರು, ಅವನು ಕಪಾಟಿಗೆ ಬಡಿದ. ಅಷ್ಟೇ. ಮುಚ್ಚಿದ ಬಾಗಿಲಿಲ್ಲ, ‘ಬಿಡು’ ಇಲ್ಲ, ‘ಬಿಡಿಸಿಕೊಂಡೆ’ಯಂತೂ ಇಲ್ಲವೇ ಇಲ್ಲ.

“ಹಾಗಾದರೆ ಅದು ಫೈಟ್ ಅಂತ ಅವಳೇ ಒಪ್ಪುತ್ತಾಳೆ?” ಎಂದು ಮ್ಯಾನೇಜರ್ ಇಂಗ್ಲಿಷಿನಲ್ಲಿ ಕೇಳಿದರು.

“ಯೆಸ್,” ಎಂದಳು ಡಿಕ್ಷನರಿ.

ಅಂದ ಮರುಕ್ಷಣವೇ ಅವಳಿಗೆ ಹೊಳೆಯಿತು. ಇಲ್ಲ, ಹಾಗಲ್ಲ, ಎಂದು ಹೇಳಲು ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಮ್ಯಾನೇಜರ್ ನಕ್ಕು, ಇಷ್ಟು ಶುದ್ಧವಾದ ಇಂಗ್ಲಿಷನ್ನು ಈ ಕಟ್ಟಡದಲ್ಲಿ ತಾನು ಕೇಳಿಯೇ ಇಲ್ಲ ಎಂದರು. ಅವಳ ತೆರೆದ ಬಾಯಿಂದ ಹೊರಬಿದ್ದದ್ದು “ಥ್ಯಾಂಕ್ ಯು.”

ಹೋಟೆಲಿನೊಳಗೆ ಹೊಡೆದಾಡಿದವರಿಗೆ ಕೆಲಸವಿಲ್ಲ ಎಂಬುದು ನಿಯಮ. ಪೆಟ್ಟು ತಿಂದವನೆಂದು ಸೂಪರ್‌ವೈಸರನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ದೊಡ್ಡಕ್ಕನನ್ನು ಮನೆಗೆ ಕಳಿಸಿದರು. ಆ ತೀರ್ಮಾನವನ್ನೂ ಡಿಕ್ಷನರಿಯೇ ಹೇಳಬೇಕಾಯಿತು.

ದೊಡ್ಡಕ್ಕ ಅವಳ ಕಡೆ ತಿರುಗಿದಳು. “ನಾನು ಹೇಳಿದ್ದೆಲ್ಲ ಹೇಳ್ದೆ ತಾನೆ?”

“ಹೇಳ್ದೆ ಅಕ್ಕ.”

“ಮತ್ತೆ ಅವರಿಗೆ ಕಿವಿ ಇಲ್ಲ ಅಂತಾಯ್ತು ಬಿಡು. ನೀನೇನು ಮಾಡ್ತೀಯ?” ಎಂದು ಅವಳ ಕೆನ್ನೆ ತಟ್ಟಿ ಹೋದಳು.

ಆ ಕೈಯ ಬಿಸಿ ಸಂಜೆಯವರೆಗೂ ಕೆನ್ನೆಯಿಂದ ಹೋಗಲಿಲ್ಲ. ಕೌಂಟರಿನಲ್ಲಿ ಅವಳು ಒಬ್ಬರ ಕೀಲಿ ಇನ್ನೊಬ್ಬರಿಗೆ ಕೊಟ್ಟಳು.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಸುಮ್ಮನೆ ಕೇಳುವವಳಂತೆ ಕೇಳಿದಳು. “ಅಪ್ಪ, ಫೈಟ್‌ಗೂ ರೆಸಿಸ್ಟ್‌ಗೂ ಏನು ವ್ಯತ್ಯಾಸ?”

ಅಪ್ಪನಿಗೆ ಹಬ್ಬವಾಯಿತು. “ಫೈಟ್ ಅಂದ್ರೆ ಇಬ್ಬರೂ ಕೈ ಎತ್ತಿರ್ತಾರೆ. ಯಾರು ಮೊದಲು ಅಂತ ಆ ಪದ ಹೇಳಲ್ಲ. ರೆಸಿಸ್ಟ್‌ನಲ್ಲಿ ಒಬ್ಬ ಮೇಲೆ ಬೀಳ್ತಾನೆ, ಇನ್ನೊಬ್ಬ ತಡೀತಾನೆ. ಅಪೋಸ್ ಅಂದ್ರೆ ಕೂತಲ್ಲೇ ಬೇಡ ಅಂದ್ರೂ ಸಾಕು, ಕೈಕಾಲು ಆಡಿಸ್ಬೇಕಾಗಿಲ್ಲ, ನಿಮ್ಮಮ್ಮ ನನ್ನ ಸಿಗರೇಟಿಗೆ ಮಾಡ್ತಿದ್ದಳಲ್ಲ ಹಾಗೆ. ಇನ್ನು ಸ್ಟ್ರಗಲ್ ಅಂದ್ರೆ ಹಿಡಿತದಿಂದ ಬಿಡಿಸ್ಕೊಳ್ಳೋಕೆ ಒದ್ದಾಡೋದು. ಫೈಟ್‌ ಕೂಡ ಪೂರ್ತಿ ಕೆಟ್ಟದ್ದಲ್ಲ ನೋಡು, ಹಿಂದೆ ಒಂದು ಪುಟ್ಟ ಆಫ್ ಹಚ್ಚಿಬಿಟ್ರೆ ಮೈಮೇಲೆ ಬಂದವನನ್ನ ದೂರ ತಳ್ಳಿದ ಹಾಗೆ. ಯಾಕೆ, ಯಾರು ಕೇಳಿದ್ರು?”

ಅವಳು ತಟ್ಟೆ ನೋಡುತ್ತಾ ಎಲ್ಲ ಹೇಳಿದಳು.

“ತಪ್ಪಾಗೋದು ಇರ್ಲಿ,” ಎಂದರು ಅಪ್ಪ ನಿಧಾನವಾಗಿ. “ಗೊತ್ತಾದ ಮೇಲೆ ತಿದ್ದಲಿಲ್ಲ ಯಾಕೆ? ಊರಲ್ಲಿ ಎಲ್ಲರನ್ನೂ ತಿದ್ತೀಯ.”

“ನನ್ನ ಇಂಗ್ಲಿಷ್ ಚೆನ್ನಾಗಿದೆ ಅಂದುಬಿಟ್ರು, ಅಪ್ಪ.”

ಅಪ್ಪ ಮತ್ತೆ ತುತ್ತು ಎತ್ತಲಿಲ್ಲ. “ನಾಳೆ ಮೊದಲು ಅವಳ ಮನೆಗೆ ಹೋಗು,” ಎಂದಷ್ಟೇ ಹೇಳಿ ಎದ್ದರು. “ಮ್ಯಾನೇಜರ್ ಆಮೇಲೆ.”

ದೊಡ್ಡಕ್ಕನ ಮನೆ ಒಂದು ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಬಾಗಿಲು ತೆರೆದವಳ ಮುಖ ಅರಳಿತು. “ನೋಡು, ಇಷ್ಟು ಜನರಲ್ಲಿ ಬಂದವಳು ನೀನೊಬ್ಬಳೇ,” ಎಂದು ಇದ್ದ ಒಂದೇ ಕುರ್ಚಿಯನ್ನು ಒರೆಸಿ ಕೊಟ್ಟಳು. ಡಿಕ್ಷನರಿಗೆ ಕೂರಲು ಆಗಲಿಲ್ಲ. ನಿಂತೇ ಹೇಳಿದಳು.

ದೊಡ್ಡಕ್ಕ ಎಲ್ಲ ಕೇಳಿಸಿಕೊಂಡ ಮೇಲೆ ಕೈಯಲ್ಲಿದ್ದ ಒರೆಸುಬಟ್ಟೆಯನ್ನು ಕಿಟಕಿಗೆ ಹಾಕಿದಳು.

“ಅವನ ಎದುರಿಗೆ ಕೂತು ಅದನ್ನ ಬಾಯಿಬಿಟ್ಟು ಹೇಳೋಕೆ ನನಗೆ ಹೇಗಾಗಿತ್ತು ಗೊತ್ತಾ? ನೀನು ಅದನ್ನ ಕರ್ಚೀಫಿನ ಹಾಗೆ ಮಡಚಿ ಕೊಟ್ಟುಬಿಟ್ಟೆ. ನನ್ನ ಗಂಡಾನೇ ಕೇಳಿದ, ಗಂಡಸಿನ ಜೊತೆ ಕೈಕೈ ಮಿಲಾಯಿಸೋಕೆ ಯಾಕೆ ಹೋದೆ ಅಂತ.”

“ತಪ್ಪಾಯ್ತು ಅಕ್ಕ.”

“ಇಂಗ್ಲಿಷ್ ತಪ್ಪಿದ್ದು ಹೋಗ್ಲಿ. ಎಲ್ಲ ಹೇಳ್ದೆಯಾ ಅಂತ ಕೇಳಿದ್ನಲ್ಲ, ಹೇಳ್ದೆ ಅಂದ್ಯಲ್ಲ? ಅದು ಇಂಗ್ಲಿಷಲ್ಲ. ನಮ್ಮ ಮಾತಲ್ಲೇ ಹೇಳಿದ ಸುಳ್ಳು.”

ಕೆಳಗೆ ಅಂಗಡಿಯಲ್ಲಿ ಯಾರೋ ಗಾಲಿಗೆ ಗಾಳಿ ತುಂಬುತ್ತಿದ್ದರು.

“ಸರಿಯಾಗಿ ಹೇಗೆ ಹೇಳ್ಬೇಕಿತ್ತು?” ಎಂದು ದೊಡ್ಡಕ್ಕ ಕೊನೆಗೆ ಕೇಳಿದಳು.

“ಹಿ ಗ್ರ್ಯಾಬ್ಡ್ ಮಿ. ಐ ಫಾಟ್ ಹಿಮ್ ಆಫ್.”

“ಆಫ್ ಅಂದ್ರೆ ದೀಪ ಆರಿಸೋದಲ್ವಾ?”

“ಇಲ್ಲಿ ಮೈಮೇಲಿಂದ ಕಿತ್ತು ದೂರ ತಳ್ಳೋದು.”

“ಅದನ್ನೇ ನಾನು ಮಾಡಿದ್ದು. ಇನ್ನೊಂದು ಸಲ ಹೇಳು.” ಅವಳು ಬಾಯಿಗೆ ಕೂರುವವರೆಗೂ ಹೇಳಿಸಿಕೊಂಡಳು. ನಾಲಿಗೆ ಹೊರಳದೆ ಇಬ್ಬರಿಗೂ ಒಮ್ಮೆ ನಗು ಬರುವಂತಾಯಿತು, ಬರಲಿಲ್ಲ.

ಮ್ಯಾನೇಜರ್ ಮೇಡಂ ಮೊದಲು ನಂಬಲಿಲ್ಲ. ಗೆಳತಿಯನ್ನು ಉಳಿಸಲು ಮಾತು ತಿರುಗಿಸುತ್ತಿದ್ದೀಯಾ ಎಂದು ಕೇಳಿದರು. ಗೊತ್ತಾಗಿಯೂ ಯಾಕೆ ಸುಮ್ಮನಿದ್ದೆ ಎಂದಾಗ ಡಿಕ್ಷನರಿ ನಿಜ ಹೇಳಿದಳು: ನೀವು ಹೊಗಳಿದಿರಿ, ಅದು ಹಾಳಾಗುವುದು ಬೇಡವಾಗಿತ್ತು. ಮೇಡಂಗೆ ಬಹುಶಃ ಅಷ್ಟು ನಾಚಿಕೆಗೇಡಿನ ಕಾರಣವನ್ನು ಯಾರೂ ಹುಟ್ಟಿಸಿ ಹೇಳಲಾರರು ಎನ್ನಿಸಿರಬೇಕು. ವಿಚಾರಣೆ ಮತ್ತೆ ನಡೆಯಿತು.

ಈ ಸಲ ಹೊರಗಿನ ದುಭಾಷಿ ಬಂದಿದ್ದರು. ಡಿಕ್ಷನರಿಯನ್ನು ಗೋಡೆಯ ಪಕ್ಕ ಕೂರಿಸಿದ್ದರು. ದೊಡ್ಡಕ್ಕ ದುಭಾಷಿಗೆ ಕೈ ಅಡ್ಡ ಹಿಡಿದು, ಮ್ಯಾನೇಜರ್ ಕಡೆ ತಿರುಗಿ, ಗಟ್ಟಿಯಾಗಿ ಹೇಳಿದಳು.

“ಹಿ ಗ್ರ್ಯಾಬ್ಡ್ ಮಿ. ಐ ಫಾಟ್ ಹಿಮ್ ಆಫ್.”

ಉಳಿದದ್ದನ್ನು ದುಭಾಷಿ ಒಂದೂ ಬಿಡದೆ ದಾಟಿಸಿದರು. ಮೇಡಂ ಸೂಪರ್‌ವೈಸರನನ್ನು ಕೇಳಿದ್ದು ಒಂದೇ ಪ್ರಶ್ನೆ: ಪಾಳಿಯ ವಿಷಯ ಮಾತಾಡಲು ಶೀಟಿನ ಕೋಣೆಯ ಬಾಗಿಲು ಯಾಕೆ ಹಾಕಿದೆ? ಅವನು ಗಾಳಿಗೆ ಹಾಕಿಕೊಂಡಿತು ಎಂದ. ನೆಲಮಾಳಿಗೆಯಲ್ಲಿ ಕಿಟಕಿಯೇ ಇರಲಿಲ್ಲ. ಅವನ ಕೆಲಸ ಹೋಯಿತು. ದೊಡ್ಡಕ್ಕನ ಕೆಲಸ ಬಂತು. ಡಿಕ್ಷನರಿಯನ್ನು ಕೌಂಟರಿನಿಂದ ತೆಗೆದು ಒಳಗಿನ ಟೆಲಿಫೋನ್ ಕೋಣೆಗೆ ಹಾಕಿದರು. ಅವಳು ಬೇಸರಪಟ್ಟುಕೊಳ್ಳಲಿಲ್ಲ. ಯಾರ ಇಂಗ್ಲಿಷನ್ನೂ ತಿದ್ದುವುದು ತಾನಾಗಿಯೇ ನಿಂತುಹೋಯಿತು.

ದೊಡ್ಡಕ್ಕ ಕೆಲಸಕ್ಕೆ ಬಂದ ಮೊದಲ ದಿನ ಡಿಕ್ಷನರಿ ಕೆಳಗಿಳಿದು ಹೋದಳು. ಓಣಿಯ ಆ ತುದಿಯಿಂದ ಒಗೆದ ಬಟ್ಟೆಯ ಟ್ರಾಲಿ ನೂಕಿಕೊಂಡು ದೊಡ್ಡಕ್ಕ ಬರುತ್ತಿದ್ದಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

“ಸ್ವಲ್ಪ ಆ ಕಡೆ ಸರ್ಕೊಳ್ಳಿ,” ಎಂದಳು. “ಗಾಲಿ ನಿಮ್ಮ ಕಾಲಿಗೆ ತಾಗುತ್ತೆ.”

ಇಷ್ಟು ವರ್ಷದಲ್ಲಿ ಅವಳು ಡಿಕ್ಷನರಿಯನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಡಿಕ್ಷನರಿ ಗೋಡೆಗೆ ಒತ್ತಿ ನಿಂತಳು. ಟ್ರಾಲಿ ಬೆಚ್ಚಗೆ ಅವಳನ್ನು ದಾಟಿ ಹೋಯಿತು.