ಗುಡ್ಡದ ನೆತ್ತಿಯ ಮರ

ಜೋಳ ಹಸನು ಮಾಡಲು ಕೂತಾಗಲೆಲ್ಲ ಮುಕ್ತಾಬಾಯಿ ಒಂದು ತಪ್ಪನ್ನು ತನಗೆ ತಾನೇ ಒಪ್ಪಿಕೊಳ್ಳುತ್ತಿದ್ದಳು. ಮನುಷ್ಯರ ಮುಂದೆ ಒಪ್ಪಿಕೊಂಡರೆ ಅರ್ಧ ಜನ ನಗುತ್ತಾರೆ, ಉಳಿದರ್ಧ ಬೈಯುತ್ತಾರೆ. ಜೋಳಕ್ಕೆ ಎರಡೂ ಬರುವುದಿಲ್ಲ. ತಪ್ಪು ಇಷ್ಟೇ: ಅವಳು ಒಂದು ಮರ ಬರೆದಿದ್ದಳು, ಅದಕ್ಕೆ ನೆರಳು ಹಾಕುವುದನ್ನು ಮರೆತಿದ್ದಳು.

ಮರ ಬರೆಯುವುದು ಮಹಾ ಅಪರಾಧವೇನಲ್ಲ. ಆದರೆ ಇವಳು ಬರೆದದ್ದು ಗೋಡೆಯ ಮೇಲಲ್ಲ, ಹಾಳೆಯ ಮೇಲಲ್ಲ, ನಿಜಾಮ ಸರಕಾರದ ಫೋಟೋದೊಳಗೆ.

ಅವಳ ಗಂಡ ನರಸಿಂಹರಾಯನಿಗೆ ಕಲಬುರ್ಗಿಯಲ್ಲಿ, ಜಗತ್ ಎಂಬ ಓಣಿಯ ಹತ್ತಿರ, ಫೋಟೋ ಅಂಗಡಿ ಇತ್ತು. ವಾಡೆಯ ಮುಂದಿನ ಪಡಸಾಲೆ ಅಂಗಡಿ, ಹಿಂದಿನ ಅಂಕಣಗಳು ಮನೆ. ಅಂಗಡಿ ತೆರೆದ ಮೊದಲ ವರ್ಷವೇ ಖುರ್ಷೀದ್ ಬೇಗಂ ಎಂಬ ದೊಡ್ಡ ಮನೆತನದ ಹೆಂಗಸು ಪರದೆ ಕಟ್ಟಿದ ಟಾಂಗಾದಲ್ಲಿ ಬಂದು ಫೋಟೋ ತೆಗೆಸಿಕೊಂಡಳು. ಹೋಗುವಾಗ ಒಂದು ಷರತ್ತು ಹಾಕಿದಳು: ತೆಗೆಯುವಾಗ ಒಬ್ಬ ಗಂಡಸು ನೋಡಿದ್ದಾಯಿತು, ಇನ್ನು ತನ್ನ ಮುಖ ಮೂಡಿದ ಗಾಜಿನ ಪ್ಲೇಟನ್ನು ತಿದ್ದಲು ಮತ್ತೊಬ್ಬ ಗಂಡಸು ಬೇಡ. ನರಸಿಂಹರಾಯ ಎರಡು ದಿನ ತಲೆ ಕೆರೆದುಕೊಂಡು, ಮೂರನೆಯ ದಿನ ಪೆನ್ಸಿಲನ್ನೂ ಸಣ್ಣ ಚೂರಿಯನ್ನೂ ತಂದು ಹೆಂಡತಿಯ ಕೈಯಲ್ಲಿಟ್ಟ.

ಮಾತಿಗೆ ಬಾಯಿ ತೆರೆಯಲು ಹೆದರುವ ಮುಕ್ತಾಬಾಯಿಯ ಬೆರಳುಗಳು ಬಹಳ ವಾಚಾಳಿ ಎಂಬುದು ಆಗ ಗೊತ್ತಾಯಿತು. ಪ್ಲೇಟಿನ ಮೇಲೆ ಪೆನ್ಸಿಲು ಆಡಿಸಿದರೆ ಫೋಟೋದಲ್ಲಿ ಆ ಜಾಗ ಬೆಳ್ಳಗಾಗುತ್ತದೆ, ಚೂರಿಯಿಂದ ಕೆರೆದರೆ ಕಪ್ಪಾಗುತ್ತದೆ. ಇಷ್ಟು ವಿದ್ಯೆಯಲ್ಲಿ ಅವಳು ಎಷ್ಟೋ ಜನರ ಸುಕ್ಕು ತೆಗೆದಳು, ಸಿಡುಬಿನ ಕಲೆ ಮುಚ್ಚಿದಳು, ಬೋಳು ಹುಬ್ಬಿಗೆ ಕೂದಲು ಕೊಟ್ಟಳು. ಕಲಬುರ್ಗಿಯ ಶ್ರೀಮಂತ ಹೆಂಗಸರ ವಯಸ್ಸೆಲ್ಲ ಅವಳ ಪೆನ್ಸಿಲಿನ ತುದಿಯಲ್ಲಿತ್ತು. ಇದನ್ನು ಅವಳು ಯಾರಿಗೂ ಹೇಳಲಿಲ್ಲ, ಹೇಳುವುದು ಅವಳ ಪದ್ಧತಿಯೂ ಅಲ್ಲ. “ನಮ್ಮ ಮುಕ್ತಾ ಒಂದು ದಿನಕ್ಕ ಹತ್ತು ಮಾತು ಆಡಿದಳಂದ್ರ ಅವತ್ತ ಹೋಳಗಿ ಮಾಡ್ತೀನಿ,” ಎಂದು ಅತ್ತೆ ಸಾವಿತ್ರೀಬಾಯಿ ಬಂದವರ ಮುಂದೆಲ್ಲ ಸಾರುತ್ತಿದ್ದಳು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಹೋಳಿಗೆ ಹಬ್ಬಕ್ಕಷ್ಟೇ ಆಗುತ್ತಿತ್ತು.

ಫಸಲಿ ೧೩೨೬ರ, ಅಂದರೆ ಇಸವಿ ೧೯೧೬ರ, ಚಳಿಗಾಲದಲ್ಲಿ ಜಂಗಲಾತ್ ಕಚೇರಿಯ ಅಮೀನ್ ಸಾಹೇಬರು, ಅಂದರೆ ಈ ಸೀಮೆಯ ಕಾಡಿನ ಅಧಿಕಾರಿ, ನರಸಿಂಹರಾಯನನ್ನು ಕರೆಸಿದರು. ಕಮಲಾಪುರದ ಗುಡ್ಡ, ಅಡವಿ, ಕಟ್ಟಿಗೆಯ ರಾಶಿ ಎಲ್ಲವನ್ನೂ ಫೋಟೋ ತೆಗೆದು ಆಲ್ಬಮ್ ಮಾಡಿ ಹೈದರಾಬಾದಿಗೆ ಕಳಿಸಬೇಕಿತ್ತು. ನರಸಿಂಹರಾಯ ಮೂರು ಕಾಲಿನ ಕ್ಯಾಮೆರಾ ಎತ್ತಿನ ಬಂಡಿಗೆ ಹೇರಿಕೊಂಡು ಹೋದ. ಹೋಗಲು ಒಂದು ದಿನ, ಬರಲು ಒಂದು ದಿನ, ಗುಡ್ಡ ಹತ್ತಿ ಇಳಿದು ಮೂರು ದಿನ. ಹನ್ನೆರಡು ಪ್ಲೇಟು ತಂದ. ಮೈಗೆಲ್ಲ ಮುಳ್ಳು ತರಚಿಸಿಕೊಂಡು ಬಂದವನು ಆ ಪ್ಲೇಟುಗಳನ್ನು ಮಾತ್ರ ಹಸುಗೂಸಿನಂತೆ ಇಳಿಸಿದ.

ಏಳನೆಯ ಪ್ಲೇಟು ಒಂದು ಬೋಳು ಗುಡ್ಡದ್ದು. ಕೆಳಗೆ ಅಡವಿ, ನೆತ್ತಿಯ ಮೇಲೆ ನಾಲ್ಕು ಬಂಡೆ, ಅದರ ಮೇಲೆ ಬರಿಯ ಆಕಾಶ. ತೊಳೆದು ಹಸಿಯಿದ್ದ ಅದನ್ನು ಒಣಗಲು ನಿಲ್ಲಿಸುವಾಗ ಮುಕ್ತಾಬಾಯಿಯ ಬಳೆ ತಾಗಿತು. ಆಕಾಶದ ನಡುವಿನಿಂದ ಬಂಡೆಯ ತನಕ ಒಂದು ಗೀರು ಎದ್ದಿತು. ಫೋಟೋದಲ್ಲಿ ಅದು ಕಪ್ಪಗೆ, ನೆಟ್ಟಗೆ, ಗುಡ್ಡಕ್ಕೆ ಯಾರೋ ಗೂಟ ಬಡಿದ ಹಾಗೆ ಕಾಣುತ್ತದೆ. ಗಂಡನಿಗೆ ಹೇಳಿದರೆ ಅವನು ಬೈಯುವವನಲ್ಲ. ಮತ್ತೆ ಬಂಡಿ ಕಟ್ಟಿಸುವವನು. ತರಚಿದ ಗಾಯ ಇನ್ನೂ ಮಾಯ್ದಿರಲಿಲ್ಲ.

ಗೀರು ಬರಿ ಗಾಜಿನ ತನಕ ಇಳಿದಿತ್ತು, ಅಲ್ಲಿ ಪೆನ್ಸಿಲು ಹಿಡಿಯುವುದಿಲ್ಲ. ಅಳಿಸಲಾಗದ ಗೀರನ್ನು ಬೆಳೆಸುವುದೊಂದೇ ದಾರಿ. ಅವಳು ಚೂರಿ ತೆಗೆದುಕೊಂಡು ಗೀರನ್ನು ಬುಡದಲ್ಲಿ ಸ್ವಲ್ಪ ದಪ್ಪ ಮಾಡಿದಳು, ಬೊಡ್ಡೆಯಾಯಿತು. ಎರಡು ಕೊಂಬೆ ಎಳೆದಳು. ಕೊಂಬೆಯ ಮೇಲೆ ಏನು ಬರುತ್ತದೆಂದು ನೋಡಲು ತಲೆಯೆತ್ತಿದರೆ ಕಿಟಕಿಯಾಚೆ ಅಂಗಳದ ತುಳಸಿ ಕಂಡಿತು. ಊರೊಳಗೆ ಹುಟ್ಟಿ ಊರೊಳಗೇ ಬೆಳೆದವಳು ಅಡವಿ ನೋಡಿದ್ದು ಯಾವಾಗ? ತುಳಸಿಯ ಎಲೆ, ತುಳಸಿಯ ಕವಲು, ತುದಿಗೆ ತುಳಸಿಯ ಮಂಜರಿ ಕೂಡ. ಸಂಜೆಯ ಹೊತ್ತಿಗೆ ಕಮಲಾಪುರದ ಗುಡ್ಡದ ನೆತ್ತಿಯ ಮೇಲೆ ಮೂವತ್ತು ಮೊಳದ ತುಳಸಿ ಎದ್ದು ನಿಂತಿತ್ತು.

ಅದೇ ಫೋಟೋ ಎಲ್ಲರಿಗೂ ಮೆಚ್ಚಿಕೆಯಾಯಿತು. ಅಮೀನ್ ಸಾಹೇಬರು ಅದರ ಇನ್ನೊಂದು ಪ್ರತಿಗೆ ಚೌಕಟ್ಟು ಹಾಕಿಸಿ ಕಚೇರಿಯಲ್ಲಿ ತೂಗುಹಾಕಿದರು. ಅದರ ಕೆಳಗೆ ‘ಸಾಗವಾನಿ’ ಎಂದು ಉರ್ದುವಿನಲ್ಲಿ ಬರೆಸಿದರು. ನರಸಿಂಹರಾಯನಿಗೆ ಶಾಲು ಹೊದಿಸಿದರು. ಅವನು ಶಾಲು ಹೊದ್ದುಕೊಂಡೇ ಮನೆಗೆ ಬಂದು, ಆ ಮರವನ್ನು ನೋಡಿಯೇ ತಾನು ಕ್ಯಾಮೆರಾ ಅಲ್ಲಿ ನಿಲ್ಲಿಸಿದ್ದಾಗಿ ತಾಯಿಗೆ ವಿವರಿಸಿದ. ಮುಕ್ತಾಬಾಯಿ ಒಲೆ ಊದುತ್ತಿದ್ದಳು; ಕೆಮ್ಮು ಬಂತು. ಗಂಡ ಸುಳ್ಳು ಹೇಳುವವನಲ್ಲ. ಹೊಗಳಿದವರ ಮಾತು ಕೇಳಿ ಕೇಳಿ ಅವನಿಗೆ ಹಾಗೆಯೇ ನೆನಪಾಗಿತ್ತು.

ಇಲ್ಲಿಗೇ ಮುಗಿದಿದ್ದರೆ ಅವಳ ಚಿಂತೆ ನೆರಳಿಗಷ್ಟೇ ಇರುತ್ತಿತ್ತು. ಆದರೆ ಹೈದರಾಬಾದಿನ ದೊಡ್ಡ ಸಾಹೇಬರು ಆಲ್ಬಮ್ ನೋಡಿ, ಬೇಸಿಗೆಗೆ ಬಂದಾಗ ಆ ಮರದ ಕೆಳಗೆ ಡೇರೆ ಹಾಕುವುದಾಗಿ ಕಾಗದ ಬರೆದರು. ಅಮೀನ್ ಸಾಹೇಬರು ಜಾಗ ಹಸನು ಮಾಡಿಸಲು ಗುಡ್ಡ ಹತ್ತಿದರು. ಬಂಡೆಗಳಿದ್ದವು, ಮರವಿಲ್ಲ. ಫೋಟೋದಲ್ಲಿದೆ, ಗುಡ್ಡದ ಮೇಲಿಲ್ಲ. ಹಾಗಾದರೆ ಯಾರೋ ಕಡಿದಿದ್ದಾರೆ. ಬೊಡ್ಡೆಯ ಗುರುತೂ ಇಲ್ಲ. ಹಾಗಾದರೆ ಕಡಿದವನು ಪಕ್ಕಾ ಕಳ್ಳ.

ಗುಡ್ಡದ ಬುಡದಲ್ಲಿ ನಾಗಣ್ಣ ಎಂಬ ರೈತನ ಕೆಂಪು ಬಾಳೆಯ ತೋಟವಿತ್ತು. ಅವನ ಮನೆಗೆ ಹೊಸ ಬಾಗಿಲು ಕೂತು ಎರಡು ತಿಂಗಳಾಗಿರಲಿಲ್ಲ. ಮುತ್ತಜ್ಜನ ಕಾಲದ ತೊಲೆ ಕೊಯ್ಸಿ ಮಾಡಿಸಿದ್ದು ಎಂದು ನಾಗಣ್ಣ ಹೇಳಿದ. ತೊಲೆ ಕೊಯ್ದ ಮೇಲೆ ತೊಲೆ ಎಲ್ಲಿ ಉಳಿಯುತ್ತದೆ ತೋರಿಸಲಿಕ್ಕೆ? ಸರಕಾರಿ ಸಾಗವಾನಿ ಕಡಿದವನಿಗೆ ಆರು ತಿಂಗಳ ಸಜೆ.

ಊರವರಾದರೂ ಆ ಮರ ಇರಲಿಲ್ಲವೆಂದು ಹೇಳಬಹುದಿತ್ತು. ಆದರೆ ಅಮೀನ್ ಸಾಹೇಬರು ಚೌಕಟ್ಟಿನ ಫೋಟೋ ಹಿಡಿದುಕೊಂಡೇ ವಿಚಾರಣೆಗೆ ಹೋಗಿದ್ದರು. ಸರಕಾರದ ಚಿತ್ರದಲ್ಲಿ ಇರುವುದನ್ನು ತಾನು ನೋಡೇ ಇಲ್ಲವೆಂದರೆ ತನ್ನ ಕಣ್ಣಿಗೇ ಅವಮಾನವೆಂದು ಪ್ರತಿಯೊಬ್ಬನಿಗೂ ಅನ್ನಿಸಿತು. ಊರ ಹಿರಿಯ ಕಲ್ಯಾಣಪ್ಪ ಗೌಡರು ಹರೆಯದಲ್ಲಿ ತಮ್ಮ ಕೆಂಪು ಕುದುರೆಯನ್ನು ಅದಕ್ಕೇ ಕಟ್ಟುತ್ತಿದ್ದರಂತೆ. ಭಾಗಮ್ಮ ಎಂಬ ಮುದುಕಿ ತನ್ನ ಮೂರೂ ಮಕ್ಕಳ ತೊಟ್ಟಿಲನ್ನು ಅದರ ಕೊಂಬೆಗೇ ಕಟ್ಟಿದ್ದಳಂತೆ. ಒಬ್ಬರು ಹುಣಸೆ ಎಂದರು, ಒಬ್ಬರು ಆಲ ಎಂದರು. ಇತ್ತು ಎಂಬುದರಲ್ಲಿ ಮಾತ್ರ ಎರಡು ಮಾತಿರಲಿಲ್ಲ.

ಇದನ್ನೆಲ್ಲ ಹೇಳಲು ನಾಗಣ್ಣ ಒಂದು ಗೊನೆ ಕೆಂಪು ಬಾಳೆ ಹೊತ್ತು ಕಲಬುರ್ಗಿಗೆ ಬಂದ. ಫೋಟೋ ತೆಗೆದವರಾದರೂ ತನ್ನ ಪರ ನಾಲ್ಕು ಮಾತು ಆಡಿಯಾರೆಂಬ ಆಸೆ. ಪಡಸಾಲೆಯ ಪರದೆಯ ಹಿಂದೆ ಮುಕ್ತಾಬಾಯಿ ನಿಂತು ಕೇಳಿದಳು.

“ಅಣ್ಣಾರ, ಈಗ ನನಗ ನನ್ನ ಮ್ಯಾಲೇ ಅನುಮಾನ ಬರಾಕತ್ತದ,” ಎಂದ ನಾಗಣ್ಣ. “ನಿದ್ದಿಗಣ್ಣಾಗ ಎದ್ದು ಹೋಗಿ ಕಡದು ಬಂದೆ ಏನು ಅಂತ ಹೇಂತಿನ್ನ ಕೇಳಿದೆ. ಎಚ್ಚರಿದ್ದಾಗೇ ಒಲಿಗೆ ಕಟಗಿ ಒಡದು ಕೊಡಂಗಿಲ್ಲ, ನಿದ್ದ್ಯಾಗ ಏನು ಗಿಡ ಕಡೀತಿ ನೀ, ಅಂದಳು. ಆಕಿ ಒಬ್ಬಾಕಿ ಸಾಕ್ಷಿ ನನಗ.”

ನರಸಿಂಹರಾಯನಿಗೆ ಮರುಕ ಬಂತು. ಆದರೆ ಅವನು ಸತ್ಯವಂತ. ಮರ ಇದ್ದದ್ದು ತಾನು ಕಣ್ಣಾರೆ ಕಂಡದ್ದು, ಇಲ್ಲವೆಂದು ಹೇಗೆ ಹೇಳಲಿ, ಶಿಕ್ಷೆ ಕಡಿಮೆ ಮಾಡಿರೆಂದು ಬೇಕಾದರೆ ಕೈಮುಗಿಯುತ್ತೇನೆ ಎಂದ. ನಾಗಣ್ಣ ಅದಕ್ಕೂ ದೊಡ್ಡದಾಗಿ ಉಪಕಾರ ಹೇಳಿ ಎದ್ದ.

ಅಂದು ಊಟಕ್ಕೆ ಬಡಿಸುವಾಗ ಮುಕ್ತಾಬಾಯಿ ಬಹಳ ಧೈರ್ಯ ಮಾಡಿದಳು. ಬಾಯಿಗೆ ಬಂದದ್ದು ಮಾತ್ರ ಅರ್ಧ ಮಾತು: “ಆ ಗಿಡಕ್ಕ ನೆರಳೇ ಇಲ್ಲಲ್ಲರಿ.”

ನರಸಿಂಹರಾಯ ಖುಷಿಯಾದ. ಹೆಂಡತಿ ಕಸುಬಿನ ಬಗ್ಗೆ ತಾನಾಗಿ ಮಾತೆತ್ತಿದ್ದು ಅದೇ ಮೊದಲು. ಸೂರ್ಯ ನೆತ್ತಿಯ ಮೇಲಿದ್ದಾಗ ನೆರಳು ಬುಡದಲ್ಲೇ ಮುದುರಿಕೊಳ್ಳುತ್ತದೆ ಎಂದು ಸಾರಿನ ಬಟ್ಟಲನ್ನು ಗುಡ್ಡ ಮಾಡಿ, ಮಜ್ಜಿಗೆ ಚೊಂಬನ್ನು ಸೂರ್ಯ ಮಾಡಿ ತೋರಿಸಿದ. ಸಾವಿತ್ರೀಬಾಯಿ, ಇವತ್ತು ನಾಲ್ಕು ಮಾತು ಆಯಿತು, ಇನ್ನು ಆರು ಉಳಿದವು ಎಂದಳು. ಮುಕ್ತಾಬಾಯಿ ಉಪ್ಪು ಬಡಿಸಿ ಒಳಗೆ ಹೋದಳು.

ಮೂರನೆಯ ದಿನ ಅಮೀನ್ ಸಾಹೇಬರೇ ಅಂಗಡಿಗೆ ಬಂದರು. ಜೊತೆಗೆ ಸಾಕ್ಷಿ ಹೇಳಲು ಕಲ್ಯಾಣಪ್ಪ ಗೌಡರು, ಅವರ ಹಿಂದೆ ನಾಗಣ್ಣ. ಜಬಾನಿಯನ್ನು, ಅಂದರೆ ಹೇಳಿಕೆಯನ್ನು, ಮೊದಲೇ ಬರೆಸಿ ತಂದಿದ್ದರು: ಗುಡ್ಡದ ಮೇಲೆ ಸಾಗವಾನಿ ಮರವಿತ್ತು, ನಾನು ಕಣ್ಣಾರೆ ಕಂಡಿದ್ದೇನೆ. ನರಸಿಂಹರಾಯ ಕೆಳಗೆ ಸಹಿ ಮಾಡಿದರೆ ಆಯಿತು. ಸಾಹೇಬರು ಕೆಟ್ಟವರಲ್ಲ. ಕುರ್ಚಿಯಲ್ಲಿ ಕೂತು ಬೆವರೊರೆಸಿಕೊಂಡು, ಬಾಳೆಹಣ್ಣು ಸುಲಿಯುತ್ತ, ಗೋಡೆಯ ಫೋಟೋಗಳತ್ತ ನೋಡಿ ಬೇಸರದಿಂದಲೇ ಹೇಳಿದರು: “ಏನ್ ಮಾಡಾದು ರಾವಸಾಹೇಬ್. ಮನಷ್ಯಾ ಸುಳ್ಳ ಹೇಳ್ತಾನ, ತಸಬೀರ್ ಹೇಳಂಗಿಲ್ಲ.” ಗೌಡರು ಹೌದೆಂದು ತಲೆಯಾಡಿಸಿ ಕುದುರೆಯ ಕಥೆ ತೆಗೆದರು. ಈ ಸಲ ಕುದುರೆ ಎರಡಾಗಿದ್ದವು.

ಕಾಗದದ ಜೊತೆ ಅಸಲು ಪ್ಲೇಟನ್ನೂ ಒಯ್ಯಬೇಕೆಂದು ಸಾಹೇಬರು ಕೇಳಿದರು. ಪ್ಲೇಟುಗಳ ಪೆಟ್ಟಿಗೆ ಮುಕ್ತಾಬಾಯಿಯ ಸುಪರ್ದಿ. ನರಸಿಂಹರಾಯ ಒಳಗೆ ಕೂಗಿ ಏಳನೆಯದನ್ನು ತರಲು ಹೇಳಿದ.

ಅವಳು ತೆಗೆದಳು. ಬೆಳಕಿಗೆ ಓರೆಯಾಗಿ ಹಿಡಿದರೆ ಸಾಕು, ಚೂರಿ ಕೆರೆದ ಪ್ರತಿಯೊಂದು ಗೆರೆಯೂ ಮಿಂಚುತ್ತಿತ್ತು. ಕಾಗದದ ಮೇಲಿನ ಮರ ಎಲ್ಲರಿಗೂ ಮರ. ಗಾಜಿನ ಮೇಲೆ ಮಾತ್ರ ಅದು ಅವಳ ಕೈ. ಸಾಹೇಬರಿಗಾಗಲಿ ಗೌಡರಿಗಾಗಲಿ ಓರೆ ಹಿಡಿದು ನೋಡುವುದು ಗೊತ್ತಿಲ್ಲ. ಗಂಡನಿಗೆ ಗೊತ್ತು, ಆದರೆ ಅವನು ನೋಡುವುದಿಲ್ಲ. ಶಾಲು ಹೊದ್ದ ಮೇಲೆ ಒಂದು ಸಲವೂ ನೋಡಿರಲಿಲ್ಲ.

ನಡುಮನೆಯ ಹೊಸ್ತಿಲಲ್ಲಿ ಅವಳಿಗೆ ಒಂದು ಯೋಚನೆ ಬಂತು. ಗಾಜು ತೆಳ್ಳಗಿತ್ತು, ಕೆಳಗೆ ಶಹಾಬಾದಿ ಕಲ್ಲಿನ ಫರಸಿ. ಬೆರಳು ಸ್ವಲ್ಪ ಸಡಿಲವಾದರೆ ಮುಗಿಯಿತು. ಪಾಪ, ಗಂಡಸರ ನಡುವೆ ಬರಲು ಹೆದರಿದಳು, ಕೈ ಜಾರಿತು ಎನ್ನುತ್ತಾರೆ. ಅವಳು ಮರ ಬರೆದದ್ದು ಯಾರಿಗೂ ತಿಳಿಯುವುದಿಲ್ಲ. ಗಂಡನ ಶಾಲು ಅವನ ಹೆಗಲ ಮೇಲೇ ಇರುತ್ತದೆ. ಚೌಕಟ್ಟಿನ ಫೋಟೋ, ಗಂಡನ ಸಹಿ ಅಷ್ಟೇ ಸಾಕು, ನಾಗಣ್ಣ ಆರು ತಿಂಗಳು ಜೇಲಿಗೆ ಹೋಗುತ್ತಾನೆ. ಬೆರಳು ಸಡಿಲವೂ ಆಯಿತು.

ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ ನಾಗಣ್ಣ ಅದನ್ನು ಕಂಡು ತಟ್ಟನೆ ಎದ್ದ. ರುಮಾಲು ತೊಡೆಯಿಂದ ಉರುಳಿತು. ಎರಡೂ ಕೈ ಅವಳ ಕೈಯ ಕೆಳಗೆ ಬೊಗಸೆಯಾಗಿ ಒಡ್ಡಿದ.

“ಹುಷಾರ್ ತಂಗಿ,” ಎಂದ. “ಕಾಜು ಅದ, ಕೈಗಿ ಹತ್ತೀತು.”

ಮುಕ್ತಾಬಾಯಿ ಆ ಬೊಗಸೆ ನೋಡಿದಳು. ಬಾಳೆಯ ಕಪ್ಪು ಕರೆ ಉಗುರಿನ ತನಕ ಹತ್ತಿತ್ತು. ತನ್ನನ್ನು ಜೇಲಿಗೆ ಹಾಕುವ ಗಾಜು ಒಡೆದು ಅವಳ ಕೈಗೆ ನೆಟ್ಟೀತೆಂದು ಆ ಮನುಷ್ಯ ಹೆದರಿದ್ದ.

ಅತ್ತ ನರಸಿಂಹರಾಯ ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿ, ಹೆಚ್ಚಿನ ಮಸಿ ಕೊಡವಿ, ಕಾಗದದ ಮೇಲೆ ಬಾಗಿದ್ದ. ಮುಕ್ತಾಬಾಯಿ ಪ್ಲೇಟನ್ನು ನಾಗಣ್ಣನ ಬೊಗಸೆಯಲ್ಲಿಟ್ಟಳು. ತಲೆಯ ಮೇಲಿನ ಸೆರಗು ಜಾರಿತ್ತು, ಅದನ್ನು ಎಳೆದುಕೊಳ್ಳುವುದು ನೆನಪಾಗಲಿಲ್ಲ. ಬಾಯಿ ತೆರೆದಾಗ ದನಿ ಎಷ್ಟು ದೊಡ್ಡದಾಗಿ ಬಂತೆಂದರೆ ಬಾಳೆಹಣ್ಣು ಸಾಹೇಬರ ಬಾಯ ಹತ್ತಿರವೇ ನಿಂತಿತು.

“ಸಹಿ ಮಾಡಬ್ಯಾಡ್ರಿ. ಆ ಗುಡ್ಡದ ಮ್ಯಾಲ ಗಿಡ ಎಂದೂ ಇರಲಿಲ್ಲ. ಅದನ್ನ ನಾನೇ ಬರದೀನಿ.”